ತಾನಾಗಿಯೇ ಆಫ್ ಆಗುತ್ತಿದ್ದ ಡೆಸ್ಕ್‌ಟಾಪ್: ದೋಷ ಹುಡುಕಿದ ನನ್ನ ಅನುಭವ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕಳೆದ ಮಳೆಗಾಲದಲ್ಲಿ ಎರಡು ಬಗೆಯ ತೊಂದರೆ ಕೊಡಲಾರಂಭಿಸಿತು. ಕೆಲವೊಮ್ಮೆ ನೀಲಿ ಪರದೆ ಬಂದು ಮರುಚಾಲನೆಯಾಗುತ್ತಿತ್ತು. ಇನ್ನು ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಥಟ್ಟನೆ ಆಫ್ ಆಗುತ್ತಿತ್ತು. ವಿಂಡೋಸ್ ಫಾರ್ಮ್ಯಾಟ್ ಮಾಡಿ ನೋಡಿ ಎಂಬುದೇ ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ. ಹಾಗೆ ಮಾಡಿದರೆ ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡಿರುವ ದಾಖಲೆಗಳೂ ಅಳಿಸಿಹೋಗುತ್ತವೆ ಎಂಬ ಕಾರಣಕ್ಕೆ ನಾನು ಅದಕ್ಕೆ ಕೈಹಾಕಲಿಲ್ಲ. ಬದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಸಲವೂ ಸಮಯ, ಆಗ ನಡೆಯುತ್ತಿದ್ದ ಕೆಲಸ, ಮನೆಯಲ್ಲಿ ಕರೆಂಟ್ ಇತ್ತೇ ಇಲ್ಲವೇ ಎಂಬುದನ್ನು ಬರೆಯತೊಡಗಿದೆ.

ಕಂಪ್ಯೂಟರಿನ ದಾಖಲೆಗಳನ್ನು ತೋರಿಸುವ ವಿಂಡೋಸಿನ ಇವೆಂಟ್ ವ್ಯೂವರ್ ತೆರೆದಾಗ ಎಲ್ಲ ಘಟನೆಗಳಿಗೂ 'ಕರ್ನಲ್-ಪವರ್ 41' ಎಂಬ ಒಂದೇ ನಮೂದು ಕಾಣಿಸಿತು. ಇದನ್ನು ನೋಡಿದ ಕೂಡಲೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ ಜನ. ಆದರೆ ಆ ಸಂಖ್ಯೆ ಹೇಳುವುದು, ಕಂಪ್ಯೂಟರ್ ಕ್ರಮಬದ್ಧವಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದನ್ನಷ್ಟೇ. ಅದರ ವಿವರಗಳಲ್ಲಿರುವ, ನೀಲಿ ಪರದೆಯ ಕಾರಣ ಸೂಚಿಸುವ 'ಬಗ್‌ಚೆಕ್ ಕೋಡ್' ಹೆಚ್ಚು ಮುಖ್ಯ. ನೀಲಿ ಪರದೆ ಬಂದಾಗ ಅಲ್ಲಿ 26, 80 ಎಂಬ ಸಂಖ್ಯೆಗಳಿದ್ದವು. ಇವು ದಶಮಾನ ಪದ್ಧತಿಯಲ್ಲಿರುವುದರಿಂದ ಹೆಕ್ಸಾಡೆಸಿಮಲ್‌ಗೆ (16ರ ಆಧಾರದ ಎಣಿಕೆಗೆ) ಬದಲಿಸಿದರೆ 1ಎ ಮತ್ತು 50 ಆಗುತ್ತವೆ, ಎರಡೂ ಮೆಮೊರಿಯ ಕಡೆ ಬೆರಳು ತೋರಿಸುವಂಥವು. ಥಟ್ಟನೆ ಆಫ್ ಆದಾಗಲೆಲ್ಲ ಅಲ್ಲಿ ಸೊನ್ನೆ ಇತ್ತು, ಎಂದರೆ ವಿಂಡೋಸಿಗೆ ಏನನ್ನೂ ಬರೆದುಕೊಳ್ಳುವಷ್ಟು ಅವಕಾಶವೇ ಸಿಕ್ಕಿರಲಿಲ್ಲ. ಒಂದೇ ರೋಗವೆಂದು ಕಾಣುತ್ತಿದ್ದುದು ಅಲ್ಲಿಗೆ ಎರಡಾಯಿತು.

ಮೆಮೊರಿಯ ವಿಚಾರ ಬೇಗ ಮುಗಿಯಿತು. ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಚಾಲೂ ಮಾಡಿದಾಗ ತಪ್ಪುಗಳು ಕೆಂಪು ಸಾಲುಗಳಾಗಿ ಬಂದವು. ರ‍್ಯಾಮ್ (ಮೆಮೊರಿ) ಕಡ್ಡಿಗಳನ್ನು ಒಂದೊಂದಾಗಿ, ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿದೆ. ಒಂದು ಕಡ್ಡಿ ಮಾತ್ರ, ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ 2133ರ ವೇಗಕ್ಕೆ ಇಳಿಸಿದರೂ, ಪಿನ್ನುಗಳನ್ನು ಒರೆಸಿ ಹಾಕಿದರೂ ತಪ್ಪು ತೋರಿಸುತ್ತಲೇ ಇತ್ತು. ಅದನ್ನು ತೆಗೆದಿಟ್ಟ ಮೇಲೆ ನೀಲಿ ಪರದೆ ಮತ್ತೆ ಬರಲಿಲ್ಲ.

ಥಟ್ಟನೆ ಆಫ್ ಆಗುವುದು ಮಾತ್ರ ನಿಲ್ಲಲಿಲ್ಲ. ನೋಟ್‌ಬುಕ್ ತಿರುವಿ ಹಾಕಿದಾಗ ಅಲ್ಲಿಯೂ ಎರಡು ಗುಂಪುಗಳು ಕಂಡವು. ಕೆಲವು ಘಟನೆಗಳು ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಹತ್ತಿಕೊಳ್ಳುವ ಗಳಿಗೆಯಲ್ಲೇ ನಡೆದಿದ್ದವು. ಕರೆಂಟ್ ಕಡಿತವಾದ ಮೇಲೆ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರಿನಲ್ಲಿ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗದಲ್ಲಿ) ಇರುವ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬೇಕೆಂಬುದು ಡೆಸ್ಕ್‌ಟಾಪ್‌ಗಳ ಎಟಿಎಕ್ಸ್ ಮಾನದಂಡದ ನಿಯಮ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು. ಸಾಮಾನ್ಯ ಮೋಡ್‌ನಲ್ಲಿರುವ ಇನ್ವರ್ಟರ್ ಅಷ್ಟು ಬೇಗ ಬದಲಾಗುವುದಿಲ್ಲ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿದೆ, ಆ ಗುಂಪು ಅಲ್ಲಿಗೆ ಮುಗಿಯಿತು. ಮನೆಗಳಲ್ಲಿ ಈ ಸ್ವಿಚ್ಚಿನ ಕಡೆ ಯಾರೂ ಗಮನ ಕೊಡುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಉಳಿದವು ಕರೆಂಟ್ ಚೆನ್ನಾಗಿದ್ದಾಗಲೇ, ವಿಡಿಯೊ ರೆಂಡರ್ ಆಗುತ್ತಿರುವಾಗ ನಡೆದಂಥವು. ಬಿಸಿಯಿಂದ ಹೀಗಾಗುತ್ತಿರಬಹುದೇ ಎಂದು ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ನೋಡಿದರೆ ಪ್ರೊಸೆಸರ್ 78 ಡಿಗ್ರಿ ದಾಟುತ್ತಿರಲಿಲ್ಲ. ಆಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕುಳಿತೆ. ಎಸ್‌ಎಂಪಿಎಸ್‌ನಿಂದ ಬರುವ, ಬಳಕೆಯಲ್ಲಿಲ್ಲದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಲ್ಲಿ ಹಳದಿ ತಂತಿಗೆ ಮೀಟರಿನ ಕೆಂಪು ಕಡ್ಡಿ, ಪಕ್ಕದ ಕಪ್ಪು ತಂತಿಗೆ ಕಪ್ಪು ಕಡ್ಡಿ ಇಟ್ಟರೆ 12 ವೋಲ್ಟ್ ಸಿಗಬೇಕು, ಶೇ. 5ರಷ್ಟು ಏರಿಳಿತಕ್ಕೆ ಅವಕಾಶವಿರುವುದರಿಂದ 11.4ರಿಂದ 12.6ರವರೆಗೆ ಸರಿ. ಸುಮ್ಮನಿದ್ದಾಗ 12.0 ತೋರಿಸುತ್ತಿದ್ದ ಮೀಟರ್, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಟ್ಟಿಗೆ ಹೊರೆ ಬೀಳುತ್ತಿದ್ದಂತೆ 11.6ಕ್ಕೆ, ಆಮೇಲೆ 11.2ಕ್ಕೆ ಇಳಿಯಿತು, ಮರುಕ್ಷಣವೇ ಫ್ಯಾನುಗಳು ನಿಂತವು. ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿದ್ದರೂ, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 24 ಆಂಪಿಯರ್ ಎಂದಷ್ಟೇ ಇತ್ತು. ಗುಣಿಸಿದರೆ 288 ವ್ಯಾಟ್. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳು ಹೀರುವುದು ಬಹುಪಾಲು ಈ ಸಾಲಿನಿಂದಲೇ. ಕೊಳ್ಳುವಾಗ ಡಬ್ಬಿಯ ಮೇಲಿನ ವ್ಯಾಟಿಗಿಂತ ಈ ಆಂಪಿಯರ್ ಸಂಖ್ಯೆಯನ್ನು ಓದಿ ಎಂದು ನಾನು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ.

ಮೀಟರಿನ ಅಂಕಿಯೊಂದನ್ನೇ ನಂಬಿ ಹಣ ಹಾಕುವುದು ಬೇಡವೆಂದು, ಪರಿಚಿತರೊಬ್ಬರ ಚೆನ್ನಾಗಿ ನಡೆಯುತ್ತಿದ್ದ ಎಸ್‌ಎಂಪಿಎಸ್ ತಂದು ಜೋಡಿಸಿ, ಅದೇ ಹೊರೆಯನ್ನು ಹಾಕಿ ನೋಡಿದೆ; ರೆಂಡರ್ ಕೊನೆಯವರೆಗೂ ನಡೆಯಿತು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನಾನು ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರುವ ಸಾಧ್ಯತೆ ಇರುತ್ತದೆ.

ಇದೇ ಕೆಲಸದ ನಡುವೆ ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಜುಂ ಎನ್ನುವುದೂ ಗಮನಕ್ಕೆ ಬಂದಿತ್ತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರುಗಳ ಮೂಲಕ ಲೋಹದ ಮೈಗೆ ಸುಮಾರು 115 ವೋಲ್ಟ್ ಬಂದು ನಿಲ್ಲುತ್ತದೆ. ಅಲ್ಲಿ ಹರಿಯುವ ಕರೆಂಟ್ ಅತ್ಯಲ್ಪವಾದರೂ ಅದು ಇರಬಾರದ್ದು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದಾಗ ಹಸಿರು ತಂತಿ ಜೋಡಣೆಯಾಗದೆ ಒಳಗೇ ಮಡಚಿಕೊಂಡಿತ್ತು.

ಹೊಸದಾಗಿ ತಂದ 550 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿಗೆ 45 ಆಂಪಿಯರ್ ಇದೆ, ಪೂರ್ಣ ಹೊರೆಯಲ್ಲೂ ಮೀಟರ್ 11.9ರಿಂದ ಕೆಳಗೆ ಇಳಿಯುವುದಿಲ್ಲ. ಹಳೆಯದಕ್ಕೆ ವಾರಂಟಿ ಉಳಿದಿತ್ತು. ಹೊರೆ ಬಿದ್ದಾಗಿನ ವೋಲ್ಟೇಜ್ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟು ಕಳಿಸಿದ್ದರಿಂದ, ಆನ್ ಆಗುತ್ತಿದೆಯಲ್ಲ ಎಂದು ಹಿಂದಿರುಗಿಸದೆ ಅದನ್ನು ಬದಲಿಸಿಕೊಟ್ಟರು.