ತೋಟದ ವಾಕ್ಯ ತುಂಬಿಸಿ, ಇಂಗ್ಲಿಷ್ ಕಲಿಸಿ

ಮಡಿಕೇರಿಯ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ನಾನು ತೋಟದ ವಾಕ್ಯಗಳನ್ನೇ ಕೊಡುತ್ತೇನೆ. ‘ಮೈ ಗ್ರಾಂಡ್‌ಫಾದರ್ ಗ್ರೋಸ್ ಪೆಪ್ಪರ್. ____ ಡ್ರೈಸ್ ಇಟ್ ಇನ್ ದ ಯಾರ್ಡ್.’

ಇಲ್ಲಿ ಜಾಸ್ತಿ ಮಕ್ಕಳು ‘ದೇ’ ಬರೆಯುತ್ತಾರೆ. ಕನ್ನಡದಲ್ಲಿ ತಾತನಿಗೆ ‘ಅವರು’ ಅಂತೀವಿ ಅಲ್ವಾ, ಅದಕ್ಕೆ! ಇಂಗ್ಲಿಷ್‌ನಲ್ಲಿ ತಾತ ಎಷ್ಟೇ ಹಿರಿಯರಾದರೂ ‘ಹಿ’ ಅಂದರೆ ಸಾಕು, ಮರ್ಯಾದೆ ಕಡಿಮೆ ಆಗಲ್ಲ. ‘ಡ್ರೈಸ್’ ಕೊನೆಯ ‘ಸ್’ ಕೂಡ ಒಬ್ಬರೇ ಅನ್ನೋ ಸುಳಿವು. ಇದನ್ನು ನಿಧಾನವಾಗಿ ಬಿಡಿಸಿ ಹೇಳಿ. ಆಮೇಲೆ ‘ಐ ಹೆಲ್ಪ್ ____’ ಕೊಡಿ. ಅಲ್ಲಿ ‘ಹಿಮ್’.

ಹೊಸ ಪದ ಕಲಿಸೋಕೆ ಅದೇ ವಾಕ್ಯದಲ್ಲಿ ‘ಡ್ರೈಸ್’ ಅಳಿಸಿ, ‘ಪಿಕ್ಸ್, ಡ್ರೈಸ್, ಸೆಲ್ಸ್’ ಕೊಟ್ಟು ಅಂಗಳಕ್ಕೆ ಯಾವುದು ಹೊಂದುತ್ತೆ ಅಂತ ಕೇಳಿ. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಮರುದಿನ ತಾತನ ಜಾಗಕ್ಕೆ ಅಜ್ಜಿಯನ್ನು ತಂದು ಪೂರ್ತಿ ಮತ್ತೆ ಬರೆಸಿ.