ಒಂದೇ ಪಂಕ್ತಿ, ಹಲವು ಪಥ್ಯ: ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ, ಈರುಳ್ಳಿ, ಉಪವಾಸ ನಿಭಾಯಿಸುವ ಬಗೆ

2002ರಲ್ಲಿ ರಾಜ್ಯದ ಶಾಲೆಗಳ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ ಶುರುವಾದಾಗ ಊಟವೆಂದರೆ ಅನ್ನ, ಸಾಂಬಾರ್. ಈರುಳ್ಳಿ–ಬೆಳ್ಳುಳ್ಳಿ ತಿನ್ನದ ಕೆಲವು ಮನೆಗಳ ಮಕ್ಕಳನ್ನು ಬಿಟ್ಟರೆ ಯಾರಿಗೂ ಅದರಲ್ಲಿ ಅಡ್ಡಿ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಿಗೆ ಮೊಟ್ಟೆ ಬಂತು, ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ 6 ದಿನವೂ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಎಂದಾಯಿತು. ಈಗ ಯಾವ ಮಗು ಏನು ತಿನ್ನುತ್ತದೆ ಎಂದು ದಿನವೂ ನೋಡಿಕೊಳ್ಳಬೇಕು. ಮುಖ್ಯಶಿಕ್ಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಅಡುಗೆಯವರು ಮೂವರೂ ಕೂತು ಒಮ್ಮೆ ಸರಿಯಾಗಿ ವ್ಯವಸ್ಥೆ ಮಾಡಿಕೊಂಡರೆ ವರ್ಷವಿಡೀ ಗೊಂದಲ ಇರುವುದಿಲ್ಲ. ಪಾತ್ರೆ, ಸೌಟು, ಒಗ್ಗರಣೆ ಎಷ್ಟು ಬೇಕಾದರೂ ಬೇರೆಯಾಗಲಿ, ಕೂರುವ ಸಾಲು ಮಾತ್ರ ಬೇರೆಯಾಗಬಾರದು. ಪಥ್ಯದ ಹೆಸರಿನಲ್ಲಿ ಪಂಕ್ತಿಭೇದ ಶಾಲೆಯೊಳಗೆ ಬಂದರೆ ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಜೂನ್‌ನಲ್ಲೇ ಕೇಳಿ, ಜಾತಿ ಕೇಳಬೇಡಿ

ಶಾಲೆ ಶುರುವಾದ ಮೊದಲ ವಾರ ಪೋಷಕರಿಗೆ ಒಂದು ಚೀಟಿ ಕಳಿಸಿ. ಅದರಲ್ಲಿ ಮೂರೇ ಪ್ರಶ್ನೆ ಸಾಕು. ನಿಮ್ಮ ಮಗು ಮೊಟ್ಟೆ ತಿನ್ನುತ್ತದೆಯೇ? ತಿನ್ನುವುದಾದರೆ ವಾರದ ಯಾವ ದಿನ, ಯಾವ ತಿಂಗಳು ಬೇಡ? ಇವಲ್ಲದೆ ತಿನ್ನದ ಪದಾರ್ಥ ಏನಾದರೂ ಇದೆಯೇ? ಧರ್ಮ, ಜಾತಿಯ ಕಾಲಂ ಬೇಡ. ಹೆಸರು ನೋಡಿ ಊಹಿಸುವುದಂತೂ ಬೇಡವೇ ಬೇಡ. ಒಂದೇ ಸಮುದಾಯದಲ್ಲಿ ಒಂದು ಮನೆ ಮೊಟ್ಟೆ ತಿನ್ನುತ್ತದೆ, ಪಕ್ಕದ ಮನೆ ತಿನ್ನುವುದಿಲ್ಲ.

ಎರಡನೆಯ ಪ್ರಶ್ನೆಯನ್ನು ಬಹಳ ಶಾಲೆಗಳು ಕೇಳುವುದೇ ಇಲ್ಲ. ಮಾಂಸಾಹಾರಿ ಮನೆಗಳಲ್ಲೂ ಸೋಮವಾರ ಅಥವಾ ಶನಿವಾರ ಮೊಟ್ಟೆ ಮುಟ್ಟದವರಿದ್ದಾರೆ. ಶ್ರಾವಣ ಪೂರ್ತಿ ಬಿಡುವವರಿದ್ದಾರೆ. ಮನೆಯಲ್ಲಿ ಅಯ್ಯಪ್ಪ ಮಾಲೆ ಹಾಕಿದ ದಿನಗಳಲ್ಲಿ ಮಕ್ಕಳಿಗೂ ಬೇಡ ಎನ್ನುವವರಿದ್ದಾರೆ. ಇದು ಗೊತ್ತಿಲ್ಲದೆ ದಿನವೂ ಅಷ್ಟೇ ಮೊಟ್ಟೆ ಬೇಯಿಸಿದರೆ ಶ್ರಾವಣ ಸೋಮವಾರ ಬುಟ್ಟಿ ತುಂಬ ಉಳಿಯುತ್ತದೆ, ಬಾಳೆಹಣ್ಣು ಸಾಲದೆ ಹೋಗುತ್ತದೆ. ಬೇಯಿಸಿದ ಮೊಟ್ಟೆಯನ್ನು ಮರುದಿನಕ್ಕೆ ಇಟ್ಟು ಕೊಡುವ ಹಾಗಿಲ್ಲ. ಕಚೇರಿಯ ಕ್ಯಾಲೆಂಡರ್‌ನಲ್ಲಿ ಈ ದಿನಗಳನ್ನು ಮೊದಲೇ ಗುರುತು ಮಾಡಿ. ಹಿಂದಿನ ದಿನ ಸಂಜೆ ಮೊಟ್ಟೆ ಎಷ್ಟು, ಹಣ್ಣು ಎಷ್ಟು ಎಂದು ತೀರ್ಮಾನಿಸಿ, ಬೆಳಗ್ಗೆ ಹಾಜರಿ ಆದ ಮೇಲೆ ಇನ್ನೊಮ್ಮೆ ಎಣಿಸಿ.

ಮೊಟ್ಟೆ ಮೈಗೆ ಆಗದ ಮಗುವಿನ ಹೆಸರನ್ನು ಈ ಪಟ್ಟಿಗೆ ಸೇರಿಸಬೇಡಿ, ಬೇರೆಯೇ ಬರೆದಿಡಿ. ಅದು ಆರೋಗ್ಯದ ವಿಷಯ. ಅಲ್ಲಿ ಸೌಟಿಗೆ ಅಂಟಿದ ಚೂರೂ ತೊಂದರೆ ಕೊಡಬಹುದು.

ಮನೆಯವರು ಬೇಡ ಎಂದು ಬರೆದಿದ್ದರೂ ಮಗು ಮೊಟ್ಟೆಗೆ ಕೈ ಚಾಚುವುದುಂಟು. ಎಲ್ಲರ ಮುಂದೆ ‘ನಿಮ್ಮ ಮನೇಲಿ ತಿನ್ನಲ್ವಲ್ಲ’ ಎನ್ನಬೇಡಿ. ಆ ಹೊತ್ತಿಗೆ ಹಣ್ಣು ಕೊಟ್ಟು, ಪೋಷಕರೊಡನೆ ಬಿಡುವಾಗಿ ಮಾತಾಡಿ. ಬಹಳಷ್ಟು ತಾಯಂದಿರು ‘ಶಾಲೇಲಿ ತಿನ್ನಲಿ ಬಿಡಿ ಸಾರ್’ ಎನ್ನುತ್ತಾರೆ. ಬೇಡವೆಂದರೆ ಅವರ ಮಾತೇ ನಡೆಯಲಿ.

ಮೊಟ್ಟೆಯ ವಾಸನೆ ಎಲ್ಲಿಂದ ಬರುತ್ತದೆ

‘ಮೊಟ್ಟೆ ವಾಸನೆಗೆ ನಮ್ಮ ಮಗು ಊಟವನ್ನೇ ಬಿಡುತ್ತದೆ’ ಎಂಬ ದೂರನ್ನು ತಳ್ಳಿಹಾಕಬೇಡಿ. ಹೆಚ್ಚಿನ ಸಲ ಅದಕ್ಕೆ ಕಾರಣ ಅತಿಯಾಗಿ ಬೇಯಿಸುವುದು. ಬೆಳಗ್ಗೆ ಒಲೆಗಿಟ್ಟು ಅನ್ನ ಆಗುವವರೆಗೂ ಕುದಿಸಿದರೆ ಬಿಳಿ ಭಾಗದ ಗಂಧಕ ವಾಸನೆಯ ಅನಿಲವಾಗಿ ಹೊರಬರುತ್ತದೆ. ಅದೇ ಅನಿಲ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಹಸಿರು–ಬೂದು ಉಂಗುರವಾಗುತ್ತದೆ. ಒಡೆದ ಮೊಟ್ಟೆಯಲ್ಲಿ ಆ ಉಂಗುರ ಕಂಡರೆ ಹೆಚ್ಚು ಬೆಂದಿದೆ ಎಂದೇ ಅರ್ಥ.

ಮೊಟ್ಟೆಯನ್ನು ತಣ್ಣೀರಿಗೆ ಹಾಕಿ, ಒಂದು ಹಿಡಿ ಉಪ್ಪು ಸೇರಿಸಿ ಒಲೆಗಿಡಿ. ಕುದಿಯುವ ನೀರಿಗೆ ನೇರ ಹಾಕಿದರೆ ಸಿಪ್ಪೆ ಬಿರಿದು ಬಿಳಿ ಹೊರಗೆ ಬರುತ್ತದೆ. ಮೂರು ಪದರಕ್ಕಿಂತ ಹೆಚ್ಚು ತುಂಬಬೇಡಿ, ಭಾರಕ್ಕೆ ತಳದವು ಒಡೆಯುತ್ತವೆ. ಕುದಿ ಬಂದ ಮೇಲೆ 10ರಿಂದ 12 ನಿಮಿಷ ಸಾಕು. ಕೂಡಲೇ ಬಿಸಿನೀರು ಬಸಿದು ಎರಡು ಸಲ ತಣ್ಣೀರು ಹಾಕಿ. ವಾಸನೆಯೂ ನಿಲ್ಲುತ್ತದೆ, ಸಿಪ್ಪೆಯೂ ಸಲೀಸಾಗಿ ಬರುತ್ತದೆ. ಸಾಧ್ಯವಿದ್ದರೆ ಮೊಟ್ಟೆಯ ಒಲೆ ಕಿಟಕಿಯ ಪಕ್ಕ ಇರಲಿ.

ಮೊಟ್ಟೆಯ ಪಾತ್ರೆ, ಜಾಲರಿ ಸೌಟು, ಸುಲಿದು ಹಾಕುವ ಬುಟ್ಟಿ, ತೊಳೆಯುವ ನಾರು ಬೇರೆ ಇರಲಿ. ಹಿಡಿಗೆ ಕೆಂಪು ಬಣ್ಣ ಬಳಿದರೆ ಅಡುಗೆ ಸಹಾಯಕರು ಬದಲಾದರೂ ಗುರುತು ಹೋಗದು. ಬುಟ್ಟಿಯನ್ನು ಮೊದಲು ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರು ಹಾಕಿದರೆ ಅಂಟಿದ ಮೊಟ್ಟೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೊಟ್ಟೆ ಸುಲಿದ ಕೈಯನ್ನು ಸೋಪಿನಲ್ಲಿ ತೊಳೆದೇ ಬಾಳೆಹಣ್ಣು ಮುಟ್ಟಬೇಕು. ಸಿಪ್ಪೆಯನ್ನು ದಾರಿಗೆ, ದೇವಸ್ಥಾನದ ಕಡೆಯ ಚರಂಡಿಗೆ ಎಸೆಯಬೇಡಿ. ಪುಡಿಮಾಡಿ ಕೈತೋಟದ ಗೊಬ್ಬರದ ಗುಂಡಿಗೆ ಹಾಕಿ. ಊರಿನಲ್ಲಿ ಮೊಟ್ಟೆಯ ಜಗಳ ಬಹಳ ಸಲ ಇಂಥ ಸಿಪ್ಪೆಯಿಂದಲೇ ಶುರುವಾಗುತ್ತದೆ.

‘ನಮ್ಮೂರ ಶಾಲೆಯಲ್ಲಿ ಮೊಟ್ಟೆಯೇ ಬೇಡ’ ಎಂಬ ಒತ್ತಾಯ ಬಂದರೆ ಎಸ್‌ಡಿಎಂಸಿ ಸಭೆ ಕರೆದು ಜೂನ್‌ನ ಚೀಟಿಗಳ ಲೆಕ್ಕ ಮುಂದಿಡಿ. ತಿನ್ನದವರಿಗೆ ಹಣ್ಣು ಇದೆ, ಪಾತ್ರೆ ಬೇರೆ ಇದೆ. ತಿನ್ನುವ ಮಗುವಿನ ಮೊಟ್ಟೆಯನ್ನು ಇನ್ನೊಬ್ಬರ ನಂಬಿಕೆಗಾಗಿ ಕಿತ್ತುಕೊಳ್ಳುವುದು ಸರಿಯಲ್ಲ.

ಬಾಳೆಹಣ್ಣು ಮೊಟ್ಟೆಗೆ ಸಮ ಅಲ್ಲ

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಸಸ್ಯಾಹಾರಿ ಮಗುವಿಗೆ ಈ ಕೊರತೆ ದಿನವೂ ಆಗುತ್ತದೆ. 30 ಗ್ರಾಂ ಕಡಲೆಕಾಳನ್ನು ರಾತ್ರಿ ನೆನೆಸಿ ಬೇಯಿಸಿ ಉಸಲಿ ಮಾಡಿದರೆ ಹತ್ತಿರಹತ್ತಿರ ಅಷ್ಟೇ ಪ್ರೋಟೀನ್ ಸಿಗುತ್ತದೆ. ದಾನಿಗಳು ಸಿಕ್ಕರೆ ವಾರಕ್ಕೆ ಎರಡು ದಿನವಾದರೂ ಉಸಲಿ ಮಾಡಿ, ಎಲ್ಲ ಮಕ್ಕಳಿಗೂ ಬಡಿಸಿ. ಇನ್ನೊಂದು, ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲನ್ನು ಮೊಟ್ಟೆ ತಿನ್ನದ ಮಗು ತಪ್ಪದೆ ಕುಡಿಯುವಂತೆ ನೋಡಿ. ಬಿ12 ಜೀವಸತ್ವ ಅದಕ್ಕೆ ಸಿಗುವುದು ಮುಖ್ಯವಾಗಿ ಹಾಲು, ಮಜ್ಜಿಗೆಯಿಂದಲೇ.

ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ

ಎರಡು ಅಡುಗೆ ಬೇಕಿಲ್ಲ, ಒಗ್ಗರಣೆ ಎರಡಾದರೆ ಸಾಕು. ಕಿರಿಯ ಪ್ರಾಥಮಿಕದ 100 ಮಕ್ಕಳಿಗೆ ಲೆಕ್ಕ ಹೀಗೆ: ಅಕ್ಕಿ 10 ಕೆಜಿ, ಬೇಳೆ 2 ಕೆಜಿ, ತರಕಾರಿ 5 ಕೆಜಿ, ಎಣ್ಣೆ ಅರ್ಧ ಕೆಜಿ. ಬೇಳೆ, ತರಕಾರಿ, ಹುಳಿ, ಸಾಂಬಾರ್ ಪುಡಿ, ಉಪ್ಪು ಹಾಕಿ ಕುದಿಸುವವರೆಗೆ ಎಲ್ಲ ಒಂದೇ. ಈರುಳ್ಳಿ ಬೇಡದವರು 8 ಮಕ್ಕಳಿದ್ದರೆ, ತಲೆಗೆ ಒಂದೂವರೆ ಲೋಟದಂತೆ ಸಾಂಬಾರನ್ನು ಚಿಕ್ಕ ಪಾತ್ರೆಗೆ ಮೊದಲೇ ತೆಗೆದಿಡಿ. ಅದಕ್ಕೆ ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಉಳಿದದ್ದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹುರಿದು ಹಾಕಿ. ಈರುಳ್ಳಿ–ಬೆಳ್ಳುಳ್ಳಿಯನ್ನು ಎಲ್ಲರಿಗೂ ನಿಲ್ಲಿಸಿಬಿಡುವ ಸುಲಭದ ದಾರಿ ಹಿಡಿಯಬೇಡಿ. ಮನೆಯ ರುಚಿ ಸಿಗದಿದ್ದರೆ ಮಕ್ಕಳು ಸಾಂಬಾರ್ ಬಿಟ್ಟು ಬರಿ ಅನ್ನ ತಿಂದು ಏಳುತ್ತಾರೆ.

ಕೈತಪ್ಪುವುದು ಎರಡು ಕಡೆ. ಅಂಗಡಿಯ ಸಾಂಬಾರ್ ಪುಡಿಯಲ್ಲಿ ಬೆಳ್ಳುಳ್ಳಿ ಇರಬಹುದು, ಪೊಟ್ಟಣ ಓದಿಯೇ ಕೊಳ್ಳಿ. ಎರಡನೆಯದು, ದೊಡ್ಡ ಪಾತ್ರೆಯ ಸೌಟನ್ನೇ ಚಿಕ್ಕದಕ್ಕೂ ಅದ್ದುವುದು.

ಜೈನ ಮನೆಗಳ ಪಥ್ಯ ಇನ್ನೂ ಸೂಕ್ಷ್ಮ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಹೀಗೆ ಮಣ್ಣೊಳಗೆ ಬೆಳೆಯುವ ಗಡ್ಡೆಗಳು ಬೇಡ. ಹಸಿಶುಂಠಿಯೂ ಅದೇ ಸಾಲಿಗೆ. ಒಣಶುಂಠಿ, ಅರಿಶಿನಪುಡಿ ನಡೆಯುತ್ತವೆ. ಗಡ್ಡೆ ಸಾಂಬಾರಿನಲ್ಲೇ ಬೆಂದರೆ ಆಮೇಲೆ ಆರಿಸಿ ತೆಗೆಯುವುದರಿಂದ ಏನೂ ಆಗದು. ಅಂಥ ಮಕ್ಕಳಿರುವ ಶಾಲೆಯಲ್ಲಿ ವಾರದ ಹೆಚ್ಚು ದಿನ ಹುರುಳಿಕಾಯಿ, ಸೋರೆ, ಕುಂಬಳ, ಹೀರೆ, ಟೊಮೆಟೊ ಬಳಸಿದರೆ ಎಲ್ಲರಿಗೂ ಒಂದೇ ಪಾತ್ರೆ ಸಾಲುತ್ತದೆ. ಜೈನರ ಪರ್ಯೂಷಣ ಹಬ್ಬದ ದಿನಗಳಲ್ಲಿ ಸೊಪ್ಪು ಬೇಡ ಎನ್ನುವ ಮನೆಗಳೂ ಇವೆ, ಕೇಳಿಕೊಳ್ಳಿ.

ರಂಜಾನ್ ತಿಂಗಳು

ರಂಜಾನ್ ವರ್ಷಕ್ಕೆ 10–11 ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಬಂತು, ಅಂದರೆ ಬಿಸಿಲು ಮತ್ತು ಪರೀಕ್ಷೆಯ ಹೊತ್ತಿಗೆ. ರೋಜಾ ಇರುವ ಮಕ್ಕಳ ಸಂಖ್ಯೆಯನ್ನು ಬೆಳಗಿನ ಹಾಜರಿಯಲ್ಲೇ ಕೇಳಿ ಅಷ್ಟು ಅಕ್ಕಿ, ಹಾಲಿನ ಪುಡಿ ಕಡಿಮೆ ಮಾಡಿ. ಊಟದ ಲೆಕ್ಕದಲ್ಲಿ ತಿಂದವರ ಸಂಖ್ಯೆಯೇ ಇರಬೇಕು, ಹಾಜರಿಯ ಸಂಖ್ಯೆ ಅಲ್ಲ. ಊಟದ ಹೊತ್ತಿಗೆ ಅವರನ್ನು ಗ್ರಂಥಾಲಯದಲ್ಲೋ ನೆರಳಲ್ಲೋ ಕೂರಲು ಬಿಡಿ. ಬಡಿಸುವ ಕೆಲಸ, ಮಧ್ಯಾಹ್ನದ ಆಟದ ಪಿರಿಯಡ್ ಬೇಡ. ಚಿಕ್ಕ ಮಕ್ಕಳು ಅರ್ಧ ದಿನಕ್ಕೆ ಸುಸ್ತಾಗಿ ಊಟ ಕೇಳಿದರೆ ಪ್ರಶ್ನೆ ಮಾಡದೆ ಬಡಿಸಿ. ಹಾಗಾಗಿ ಮೂರು ನಾಲ್ಕು ಮಕ್ಕಳ ಊಟ ಹೆಚ್ಚಿಗೆ ಇರಲಿ.

ಹೊರಗಿನಿಂದ ಬಂದ ಊಟ

ಬಿಸಿಯೂಟದ ಪಟ್ಟಿಯಲ್ಲಿ ಮಾಂಸ ಇಲ್ಲ, ಹಾಗಾಗಿ ಹಲಾಲ್ ಪ್ರಶ್ನೆ ಏಳುವುದು ದಾನಿಗಳು ಬಿರಿಯಾನಿ ತಂದಾಗ ಮಾತ್ರ. ಮೊದಲೇ ಕೇಳಿ, ಗೊತ್ತಾಗದಿದ್ದರೆ ಮಕ್ಕಳಿಗೆ ಹಾಗೆಯೇ ಹೇಳಿ. ಪ್ರಸಾದದ ವಿಷಯ ಇದಕ್ಕಿಂತ ಹೆಚ್ಚು ಸಲ ಬರುತ್ತದೆ. ದೇವರಿಗೆ ನೈವೇದ್ಯ ಮಾಡಿದ್ದನ್ನು ಕೆಲವು ಮುಸ್ಲಿಂ, ಕ್ರೈಸ್ತ ಮನೆಗಳಲ್ಲಿ ತಿನ್ನುವುದಿಲ್ಲ. ಜಾತ್ರೆಯ ದಿನ ಸಿಹಿ ಬಂದರೆ ಆ ದಿನವೂ ಶಾಲೆಯ ಒಲೆ ಹಚ್ಚಿ, ಪ್ರಸಾದ ಬೇಕಾದವರಿಗೆ ಮಾತ್ರ ಕೊಡಿ.

ಇದು ಪಥ್ಯವಲ್ಲ

‘ಆ ಅಡುಗೆಯವರು ಮಾಡಿದ್ದನ್ನು ನಮ್ಮ ಮಗು ತಿನ್ನುವುದಿಲ್ಲ’ ಎಂಬ ಮಾತು ಬಂದರೆ ಅದಕ್ಕೆ ಈ ಯಾವ ಹೊಂದಾಣಿಕೆಯೂ ಇಲ್ಲ. ತಟ್ಟೆಯಲ್ಲಿ ಏನಿದೆ ಎಂಬುದು ಪಥ್ಯ. ಯಾರ ಕೈ ಮುಟ್ಟಿತು ಎಂಬುದು ಅಸ್ಪೃಶ್ಯತೆ. ಸಂವಿಧಾನದ 17ನೆಯ ವಿಧಿ ಅದನ್ನು ನಿಷೇಧಿಸಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಅಡುಗೆಯವರನ್ನು ಬದಲಿಸಬೇಡಿ, ಆ ಮಗುವಿಗೆ ಮನೆಯಿಂದ ಡಬ್ಬಿ ತರಲು ಹೇಳಬೇಡಿ. ಮುಖ್ಯಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು ಮಕ್ಕಳ ಜೊತೆ ಅದೇ ಸಾಲಿನಲ್ಲಿ ಕೂತು ಉಣ್ಣಲಿ. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ಮಾತು ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಬರೆದು ತಿಳಿಸಿ.

ಬಡಿಸುವ ಕ್ರಮ

ಮೊದಲು ಅನ್ನ–ಸಾಂಬಾರ್ ಎಲ್ಲರಿಗೂ. ಚಿಕ್ಕ ಪಾತ್ರೆಯೂ ದೊಡ್ಡ ಪಾತ್ರೆಯ ಜೊತೆಗೇ ಸಾಲಿನಲ್ಲಿ ಸಾಗಲಿ. ಆಮೇಲೆ ಮೊಟ್ಟೆಯ ಬುಟ್ಟಿ, ಹಣ್ಣಿನ ಬುಟ್ಟಿ ಒಟ್ಟಿಗೇ ಬರಲಿ, ಇಬ್ಬರು ಬಡಿಸಲಿ. ಹಣ್ಣಿನವರು ಕೈಯೆತ್ತಿ ಎನ್ನಬೇಡಿ, ಎರಡು ವಾರದಲ್ಲಿ ಬಡಿಸುವವರಿಗೆ ಮುಖ ಪರಿಚಯವಾಗುತ್ತದೆ. ಹೆಸರಿನ ಪಟ್ಟಿ ಮುಖ್ಯಶಿಕ್ಷಕರ ಬೀರುವಿನಲ್ಲಿರಲಿ, ಗೋಡೆಗೆ ಅಂಟಿಸುವುದು ಬೇಡ. ಮುಖ್ಯ ಅಡುಗೆಯವರು ರಜೆ ಹಾಕಿದ ದಿನವೇ ತಪ್ಪಾಗುವುದು ಹೆಚ್ಚು. ಅದಕ್ಕಾಗಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ಇಂದು ಮೊಟ್ಟೆ ಇಷ್ಟು, ಹಣ್ಣು ಇಷ್ಟು, ಈರುಳ್ಳಿ ಇಲ್ಲದ್ದು ಇಷ್ಟು, ಕೆಂಪು ಹಿಡಿಯದು ಮೊಟ್ಟೆಗೆ.