ಎತ್ತರ ಕೊನೆಗೆ ಬರುವ ಅಂಕಿ: ಜಿಮ್ನಿಗೆ ಸಸ್ಪೆನ್ಷನ್ ಕಿಟ್ ರೂಪಿಸುವ ಕ್ರಮ

ಮಳೆಗಾಲ ಕಳೆದ ಮೇಲೆ ಸಕಲೇಶಪುರದ ಕಡೆಯ ಕಾಫಿ ತೋಟಗಳ ಒಳದಾರಿಯಲ್ಲಿ ಒಮ್ಮೆ ವಾಹನ ಓಡಿಸಿ ನೋಡಿ. ನೀರು ಕೊರೆದ ಹಳ್ಳಕ್ಕೆ ಮುಂದಿನ ಎಡ ಗಾಲಿ ಇಳಿಯುತ್ತದೆ, ಹಿಂದಿನ ಬಲ ಗಾಲಿಯೂ ಇನ್ನೊಂದು ತಗ್ಗಿನ ಮೇಲೆ ಬಂದು ನಿಲ್ಲುತ್ತದೆ. ತಗ್ಗಿನ ತಳಕ್ಕೆ ಇಳಿಯಲಾರದ ಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ. ನೆಲ ಬಿಟ್ಟ ಗಾಲಿ ಎಳೆಯುವುದಿಲ್ಲ. ಸಸ್ಪೆನ್ಷನ್ (ಹೊರೆ ಹೊರುವ ಸ್ಪ್ರಿಂಗ್, ತೂಗಾಟ ತಣಿಸುವ ಶಾಕ್ ಅಬ್ಸಾರ್ಬರ್ ಅಥವಾ ಶಾಕ್, ಇವುಗಳ ಜೋಡಣೆ) ಬದಲಿಸುವ ಕೆಲಸಕ್ಕೆ ಕೈಹಾಕುವವರು ಈ ಚಿತ್ರವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ನಾಲ್ಕೂ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಕಿಟ್‌ನ ಕೆಲಸ. ವಾಹನ ಎಷ್ಟು ಮೇಲೆ ಏರಿತು ಎಂಬುದು ಲೆಕ್ಕದ ಕೊನೆಯಲ್ಲಿ ತಾನಾಗಿ ಬರುವ ಅಂಕಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಅಂಗಡಿಯೊಂದರಲ್ಲಿ ಸಿದ್ಧವಾಗಿದ್ದ, ವಾಹನವನ್ನು ಮೂರು ಇಂಚು ಎತ್ತರಿಸುವ ಕಿಟ್ ತಂದು ಹಾಕಿಸಿದ ಸಂಜೆಯೇ ಹೆದ್ದಾರಿಯಲ್ಲಿ ಸ್ಟೀರಿಂಗ್ ತಿರುವಿನಿಂದ ತಾನಾಗಿ ಹಿಂದಕ್ಕೆ ಬರುವುದನ್ನು ನಿಲ್ಲಿಸಿತ್ತು. ವಾರದೊಳಗೆ ಒಂದು ಹಳ್ಳದಲ್ಲಿ ಹಿಂದಿನ ಸ್ಪ್ರಿಂಗ್ ತನ್ನ ಪೀಠದಿಂದ ಜಾರಿ ಓರೆಯಾಗಿ ನಿಂತಿತು. ಆ ಕಿಟ್ ಬಿಚ್ಚಿ ಮೂಲೆಗಿಟ್ಟು, ವೇಬ್ರಿಡ್ಜ್ (ಲಾರಿ ತೂಗುವ ಯಂತ್ರ) ಚೀಟಿಯೊಂದಿಗೆ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಇಲ್ಲಿ ಉದಾಹರಣೆಗೆ ಆಯ್ದುಕೊಂಡಿರುವುದು 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿ. ಏಣಿಯಂತಹ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಗಾಲಿಗಳನ್ನು ಜೋಡಿಸುವ ಒಂದೇ ಅಚ್ಚು), ನಾಲ್ಕೂ ಮೂಲೆಗೆ ಸುರುಳಿ ಸ್ಪ್ರಿಂಗ್. ಪ್ರತಿ ಆಕ್ಸಲ್ ಅನ್ನು ಉದ್ದಕ್ಕೆ ಎರಡು ತೋಳುಗಳೂ ಅದು ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಒಂದು ಪ್ಯಾನಾರ್ಡ್ ರಾಡೂ ಹಿಡಿದಿರುತ್ತವೆ. ಗಾಲಿಗಳ ನಡುವಿನ ಉದ್ದ 2,590 ಮಿಲಿಮೀಟರ್, ನೆಲದಿಂದ ಅಂತರ 210 ಮಿಲಿಮೀಟರ್, ಹೊರೆ ಸೇರಿ ಒಟ್ಟು ತೂಕದ ಮಿತಿ 1,545 ಕೆಜಿ. ಹಳೆಯ ಜಿಪ್ಸಿಯಲ್ಲಿ ಪಟ್ಟಿ ಸ್ಪ್ರಿಂಗೇ ಆಕ್ಸಲ್ ಅನ್ನು ಹಿಡಿಯುತ್ತಿತ್ತು, ಹೊರೆಯನ್ನೂ ಹೊರುತ್ತಿತ್ತು. ಇಲ್ಲಿ ಆ ಎರಡು ಕೆಲಸಗಳು ಬೇರೆಯಾಗಿವೆ. ಆದ್ದರಿಂದ ಲೆಕ್ಕ ಸುಲಭ, ಮರೆತುಬಿಡಬಹುದಾದ ಸಂಗತಿಗಳು ಹೆಚ್ಚು.

ಹಂತ 1: ತೂಗಿ

ಮೊದಲು ಮುಂದಿನ ಗಾಲಿಗಳನ್ನು ಮಾತ್ರ, ಆಮೇಲೆ ಹಿಂದಿನ ಗಾಲಿಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿ. ಲಾರಿ ತೂಗುವ ಯಂತ್ರ 5 ಅಥವಾ 10 ಕೆಜಿಯ ಹೆಜ್ಜೆಯಲ್ಲಿ ತೋರಿಸುವುದರಿಂದ, ರೇಸ್ ವಾಹನ ಸಿದ್ಧಪಡಿಸುವವರ ಬಳಿ ಇರುವ ನಾಲ್ಕು ಗಾಲಿಯ ತೂಕದ ಮಣೆಗಳು ಸಿಕ್ಕರೆ ಉತ್ತಮ. ಎರಡು ಬಾರಿ ತೂಗಬೇಕು: ತುಂಬಿದ ಟ್ಯಾಂಕ್ ಮತ್ತು ಚಾಲಕನೊಂದಿಗೆ ಒಮ್ಮೆ, ನೀವು ನಿಜವಾಗಿ ಒಯ್ಯುವ ಸಾಮಾನೆಲ್ಲ ತುಂಬಿಸಿ ಇನ್ನೊಮ್ಮೆ. ಮುಂದೆ ಉಕ್ಕಿನ ಬಂಪರ್ ಅಥವಾ ವಿಂಚ್ (ಸಿಕ್ಕಿಬಿದ್ದ ವಾಹನವನ್ನು ಹಗ್ಗದಿಂದ ಎಳೆಯುವ ಯಂತ್ರ) ಹಾಕುವ ಯೋಚನೆಯಿದ್ದರೆ ಅದನ್ನು ಹಾಕಿದ ಮೇಲೆಯೇ ತೂಗಿ.

ಈ ತೂಕದಲ್ಲಿ ಸ್ಪ್ರಿಂಗ್ ಹೊರದ ಭಾಗವೂ ಸೇರಿದೆ. ಆಕ್ಸಲ್, ಗಾಲಿ, ಬ್ರೇಕ್‌ಗಳ ಪೂರ್ತಿ ತೂಕವೂ ತೋಳುಗಳ ಅರ್ಧ ತೂಕವೂ ನೇರವಾಗಿ ನೆಲಕ್ಕೆ ಹೋಗುತ್ತದೆ. ಚಾಸಿಯನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಬಿಚ್ಚಿ, ಗಾಲಿಗಳನ್ನಷ್ಟೇ ಮಣೆಯ ಮೇಲೆ ಇಳಿಸಿದರೆ ಆ ಅಂಕಿ ಸಿಗುತ್ತದೆ.

ಲೆಕ್ಕಕ್ಕೆ ಹೀಗೆಂದುಕೊಳ್ಳೋಣ: ಹಿಂದಿನ ಆಕ್ಸಲ್ ಮೇಲೆ 560 ಕೆಜಿ, ಅದರಲ್ಲಿ ಸ್ಪ್ರಿಂಗ್ ಹೊರದ ಭಾಗ 130 ಕೆಜಿ. ಉಳಿದದ್ದು 430, ಅಂದರೆ ಒಂದೊಂದು ಸ್ಪ್ರಿಂಗ್‌ಗೆ 215 ಕೆಜಿ. ಪ್ರವಾಸದ ಸಾಮಾನು ತುಂಬಿದಾಗ ಒಂದು ಬದಿಗೆ ಇನ್ನೂ 80 ಕೆಜಿ. ಒಟ್ಟು 1,545ರ ಮಿತಿಯನ್ನು ಯಾವ ಕಿಟ್ ಕೂಡ ಹೆಚ್ಚಿಸುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೂ ಬ್ರೇಕ್, ಆಕ್ಸಲ್, ಚಾಸಿ ಹಳೆಯವೇ.

ಹಂತ 2: ಸ್ಪ್ರಿಂಗ್ ಬಿಚ್ಚಿ, ಆಕ್ಸಲ್ ಆಡಿಸಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ. ಸ್ಪ್ರಿಂಗ್ ಇಲ್ಲದ ಸ್ಥಿತಿಯಲ್ಲಿ ಆಕ್ಸಲ್ ಕೆಳಗೆ ಜಾಕ್ ಇಟ್ಟು, ಅದನ್ನು ಬಂಪ್ ಸ್ಟಾಪ್ (ಆಕ್ಸಲ್‌ನ ಮೇಲಿನ ಚಲನೆಯನ್ನು ತಡೆಯುವ ರಬ್ಬರ್ ತುಂಡು) ಮುಟ್ಟುವವರೆಗೆ ನಿಧಾನವಾಗಿ ಎತ್ತಿ, ಪೂರ್ತಿ ಕೆಳಗೆ ಇಳಿಸಿ. ಆಮೇಲೆ ಒಂದು ಬದಿ ಪೂರ್ತಿ ಮೇಲೆ, ಇನ್ನೊಂದು ಬದಿ ಪೂರ್ತಿ ಕೆಳಗೆ ಬರುವಂತೆ ಓರೆಯಾಗಿಸಿ. ಮುಂದಿನ ಆಕ್ಸಲ್‌ನಲ್ಲಿ ಇದೇ ಕೆಲಸವನ್ನು ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ಮತ್ತೆ ಮಾಡಬೇಕು. ಕಿಟ್ ಹಾಕಿದ ಮೇಲೆ ಬಳಸಲಿರುವ ಟೈರನ್ನೇ ಹಾಕಿರಬೇಕು.

ಪ್ರತಿ ಸ್ಥಿತಿಯಲ್ಲಿ ಅಳೆದು ಬರೆದುಕೊಳ್ಳಿ: ಸ್ಪ್ರಿಂಗ್ ಪೀಠಗಳ ನಡುವಿನ ಅಂತರ, ಶಾಕ್‌ನ ಎರಡು ಕಣ್ಣುಗಳ ನಡುವಿನ ಅಂತರ, ಟೈರಿಗೂ ಮಡ್‌ಗಾರ್ಡ್‌ಗೂ ನಡುವೆ ಉಳಿದ ಜಾಗ, ಬ್ರೇಕ್ ಹೋಸ್ ಎಷ್ಟು ಬಿಗಿಯಾಯಿತು, ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ತಂತಿ ಎಲ್ಲಿ ಸಿಕ್ಕಿಕೊಂಡಿತು, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ಬಾಗುವ ಕೀಲು (ಯುಜೆ ಕ್ರಾಸ್) ಎಷ್ಟು ಬಾಗಿತು. ಗಂಟೆಗಟ್ಟಲೆ ಹಿಡಿಯುವ ಬೇಸರದ ಕೆಲಸವೇ ಸರಿ. ಆದರೆ ಕಾಡಿನ ನಡುವೆ ಹರಿದ ಬ್ರೇಕ್ ಹೋಸ್ ಹಿಡಿದು ನಿಲ್ಲುವ ಪ್ರಸಂಗವನ್ನು ತಪ್ಪಿಸುವುದು ಇದೊಂದೇ.

ನಮ್ಮ ಉದಾಹರಣೆಯಲ್ಲಿ ವಾಹನ ಖಾಲಿ ನಿಂತಾಗ ಹಿಂದಿನ ಸ್ಪ್ರಿಂಗ್ ಪೀಠಗಳ ಅಂತರ 250 ಮಿಲಿಮೀಟರ್ ಎಂದಿಟ್ಟುಕೊಳ್ಳಿ.

ಹಂತ 3: ಸ್ಪ್ರಿಂಗ್ ಎಷ್ಟು ಗಟ್ಟಿ?

ಸ್ಪ್ರಿಂಗ್ ಮೇಲೆ ಕೂತ ವಾಹನಕ್ಕೆ ತನ್ನದೇ ಒಂದು ಲಯವಿದೆ. ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗುತ್ತದೆ ಎಂಬುದೇ ಆ ಲಯ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲಿ ಇದನ್ನು ಪರೀಕ್ಷಿಸಿ, ಮುಂದಿನ ಲಯ ಹಿಂದಿನದಕ್ಕಿಂತ ನಿಧಾನವಾಗಿರಬೇಕು ಎಂದು ಕಂಡುಕೊಂಡರು. ಕಾರಣ ಸರಳ: ಉಬ್ಬು ಮೊದಲು ಮುಂದಿನ ಗಾಲಿಗೆ ತಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಜಿಮ್ನಿಯ ಹಿಂದಿನ ಗಾಲಿ ಸುಮಾರು 0.19 ಸೆಕೆಂಡ್ ತಡವಾಗಿ ಅದೇ ಉಬ್ಬನ್ನು ಮುಟ್ಟುತ್ತದೆ. ಹಿಂಭಾಗ ಸ್ವಲ್ಪ ವೇಗವಾಗಿ ತೂಗಿದರೆ ಎರಡೂ ಬೇಗ ಜೊತೆಗೂಡುತ್ತವೆ, ಬಂಡಿ ತೊಟ್ಟಿಲಿನಂತೆ ಮುಂದೆ ಹಿಂದೆ ತೂರಾಡುವುದಿಲ್ಲ.

ಹಿಂದಕ್ಕೆ, ಖಾಲಿ ಇದ್ದಾಗ, ಸೆಕೆಂಡಿಗೆ 1.5 ಬಾರಿ ಎಂದು ನಾನು ಆರಿಸಿಕೊಳ್ಳುತ್ತೇನೆ. ಇಲ್ಲೊಂದು ಕೈಲೆಕ್ಕವಿದೆ: 250ನ್ನು ಲಯದ ವರ್ಗದಿಂದ ಭಾಗಿಸಿದರೆ, ವಾಹನದ ಭಾರಕ್ಕೆ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗಿರಬೇಕು ಎಂಬುದು ಸಿಗುತ್ತದೆ. 250 ಭಾಗ 2.25, ಅಂದರೆ ಸುಮಾರು 110. 215 ಕೆಜಿ ಭಾರಕ್ಕೆ 110 ಮಿಲಿಮೀಟರ್ ಕುಗ್ಗಬೇಕಾದರೆ ಸ್ಪ್ರಿಂಗ್‌ನ ಬಿಗಿತ ಮಿಲಿಮೀಟರಿಗೆ ಸುಮಾರು 19 ನ್ಯೂಟನ್. 80 ಕೆಜಿ ಹೊರೆ ಸೇರಿದಾಗ ಲಯ 1.28ಕ್ಕೆ ಇಳಿಯುತ್ತದೆ. ಆಗಲೂ ಮುಂಭಾಗ ಇದಕ್ಕಿಂತ ನಿಧಾನವಾಗಿರಬೇಕಾದ್ದರಿಂದ ಮುಂದಕ್ಕೆ 1.25ರ ಆಸುಪಾಸು ಹಿಡಿದು ಇದೇ ಲೆಕ್ಕವನ್ನು ಮತ್ತೆ ಮಾಡಿ.

ಈಗ ಎತ್ತರದ ಮಾತು. ಅದೇ 80 ಕೆಜಿಗೆ ಈ ಸ್ಪ್ರಿಂಗ್ ಇನ್ನೂ 41 ಮಿಲಿಮೀಟರ್ ಕುಗ್ಗುತ್ತದೆ. ಹಾಗಾದರೆ ಖಾಲಿ ಇದ್ದಾಗ 40 ಮಿಲಿಮೀಟರ್ ಎತ್ತರಿಸಿಟ್ಟರೆ, ಪೂರ್ತಿ ಹೊರೆಯಲ್ಲಿ ವಾಹನ ಕಾರ್ಖಾನೆಯಿಂದ ಬಂದಾಗ ಖಾಲಿ ನಿಲ್ಲುತ್ತಿದ್ದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ನನ್ನ ಕಿಟ್‌ನ ಎತ್ತರ ನಿರ್ಧಾರವಾದದ್ದು ಹೀಗೆ. ಮೂರು ಇಂಚು ಬೇಕೆಂದು ಯಾವ ಲೆಕ್ಕವೂ ಹೇಳಲಿಲ್ಲ.

ಹಂತ 4: ತಂತಿ, ಸುರುಳಿ, ಉದ್ದ

ಸ್ಪ್ರಿಂಗ್ ಮಾಡುವವರಿಗೆ ಕೊಡಬೇಕಾದದ್ದು ತಂತಿಯ ದಪ್ಪ, ಸುರುಳಿಯ ಸರಾಸರಿ ವ್ಯಾಸ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಮತ್ತು ಹೊರೆಯಿಲ್ಲದಾಗಿನ ಉದ್ದ. ಬಿಗಿತವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಸುರುಳಿ ವ್ಯಾಸದ ಮೂರನೇ ಘಾತಕ್ಕೂ ಸುತ್ತುಗಳ ಸಂಖ್ಯೆಗೂ ತಕ್ಕಂತೆ ಇಳಿಯುತ್ತದೆ. 120 ಮಿಲಿಮೀಟರ್ ಸರಾಸರಿ ವ್ಯಾಸ, ಏಳು ಸುತ್ತು, 12.4 ಮಿಲಿಮೀಟರ್ ತಂತಿ ಇಟ್ಟರೆ ಬಿಗಿತ 19.3 ಬರುತ್ತದೆ. "12.4 ಸಿಗುವುದಿಲ್ಲ, 13 ಹಾಕೋಣ, ಅರ್ಧ ಮಿಲಿಮೀಟರಿನ ವ್ಯತ್ಯಾಸ ತಾನೇ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಗಿತ 23.3ಕ್ಕೆ ಏರುತ್ತದೆ, ಅಂದರೆ ಐದನೇ ಒಂದು ಭಾಗಕ್ಕೂ ಹೆಚ್ಚು. ದಪ್ಪ ತಂತಿಯೇ ಬೇಕಾದರೆ ಸುತ್ತು ಹೆಚ್ಚಿಸಿ ಸರಿದೂಗಿಸಬೇಕು. ಇದೇ ಕಾರಣಕ್ಕೆ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸುವುದೂ ಕೆಟ್ಟ ಅಭ್ಯಾಸ. ಏಳರಲ್ಲಿ ಒಂದು ಹೋದರೆ ಉಳಿದದ್ದು ಶೇ 17ರಷ್ಟು ಗಟ್ಟಿಯಾಗುತ್ತದೆ, ಪೀಠದ ಮೇಲೆ ಸಮನಾಗಿ ಕೂರುವುದೂ ಇಲ್ಲ.

ಉದ್ದಕ್ಕೆ ಬಂದರೆ, ನಿಂತಾಗ 290 (250ಕ್ಕೆ 40 ಸೇರಿಸಿ), ಭಾರಕ್ಕೆ ಕುಗ್ಗಿದ್ದು 109, ಒಟ್ಟು 399 ಮಿಲಿಮೀಟರ್. ಗಾಲಿ ಕೆಳಗೆ ಇಳಿಯಲು ಬಿಡುವ ಮಿತಿ ಇಲ್ಲೇ ಅಡಗಿದೆ. ಶಾಕ್ 109ಕ್ಕಿಂತ ಹೆಚ್ಚು ತೆರೆದುಕೊಂಡರೆ ಸ್ಪ್ರಿಂಗ್ ಸಡಿಲವಾಗಿ ಪೀಠದಿಂದ ಜಾರುತ್ತದೆ. ನನ್ನ ಮೊದಲ ಕಿಟ್‌ನಲ್ಲಿ ಆದದ್ದು ಇದೇ. 100ಕ್ಕೆ ನಿಲ್ಲಿಸಿದರೆ 9 ಮಿಲಿಮೀಟರಿನ ಒತ್ತಡ ಸದಾ ಉಳಿಯುತ್ತದೆ. ಮೇಲಕ್ಕೂ 100 ಮಿಲಿಮೀಟರ್ ಬಿಟ್ಟರೆ ಸ್ಪ್ರಿಂಗ್ 190ಕ್ಕೆ ಕುಗ್ಗುತ್ತದೆ. ತುದಿಯ ಸುತ್ತುಗಳೂ ಸೇರಿ ಎಂಟೂವರೆ ಸುತ್ತು ಒಂದಕ್ಕೊಂದು ಕಚ್ಚಿಕೊಳ್ಳುವುದು 105ರ ಹತ್ತಿರ, ಆದ್ದರಿಂದ ಅಪಾಯವಿಲ್ಲ. ಆ ಸ್ಥಿತಿಯಲ್ಲಿ ತಂತಿಯೊಳಗಿನ ತಿರುಚು ಒತ್ತಡ ಚದರ ಮಿಲಿಮೀಟರಿಗೆ ಸುಮಾರು 740 ನ್ಯೂಟನ್. ಕ್ರೋಮ್ ವೆನೇಡಿಯಂನಂತಹ ಒಳ್ಳೆಯ ಸ್ಪ್ರಿಂಗ್ ಉಕ್ಕು ಇದನ್ನು ತಾಳುತ್ತದೆ. ಆದರೆ ಶಾಟ್ ಪೀನಿಂಗ್ ಮಾಡಿಸಲೇಬೇಕು. ಉಕ್ಕಿನ ಸಣ್ಣ ಗುಂಡುಗಳನ್ನು ವೇಗವಾಗಿ ಸಿಡಿಸಿ ತಂತಿಯ ಮೇಲ್ಮೈಯನ್ನು ಬಿಗಿಗೊಳಿಸುವ ಆ ಕ್ರಮ ಸ್ಪ್ರಿಂಗ್‌ನ ಆಯುಸ್ಸನ್ನು ಬಹಳ ಹೆಚ್ಚಿಸುತ್ತದೆ. ಕೊನೆಗೆ ಸ್ಪ್ರಿಂಗನ್ನು ಕೆಲವು ಬಾರಿ ಪೂರ್ತಿ ಕುಗ್ಗಿಸಿ ಬಿಡಲು ಹೇಳಿ. ಕುಳಿತುಹೋಗಬೇಕಾದದ್ದು ಕಾರ್ಖಾನೆಯಲ್ಲೇ ಕುಳಿತುಬಿಡಲಿ.

ಹಂತ 5: ಶಾಕ್ ಅಬ್ಸಾರ್ಬರ್

ಸ್ಪ್ರಿಂಗ್ ಹೊರುತ್ತದೆ, ಶಾಕ್ ಆ ತೂಗಾಟವನ್ನು ತಣಿಸುತ್ತದೆ. ತೂಗಾಟ ಒಂದೇ ಬಾರಿಗೆ ನಿಲ್ಲಲು ಬೇಕಾದ ತಡೆಯನ್ನು ನಮ್ಮ ಅಂಕಿಗಳಿಂದ ಲೆಕ್ಕ ಹಾಕಿದರೆ, ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಸುಮಾರು 4,070 ನ್ಯೂಟನ್ ಆಗುತ್ತದೆ. ಅಷ್ಟು ಕೊಟ್ಟರೆ ಗಾಲಿ ನೆಲದ ಏರಿಳಿತವನ್ನು ಹಿಂಬಾಲಿಸಲಾರದು. ಅದರ ಶೇ 30, ಅಂದರೆ 1,220ರ ಸುತ್ತಮುತ್ತ ಆರಂಭಿಸಿ. ಶಾಕ್ 30 ಡಿಗ್ರಿ ಓರೆಯಾಗಿ ಕೂತಿದ್ದರೆ ಗಾಲಿಗೆ ತಲುಪುವ ತಡೆ ಮುಕ್ಕಾಲು ಭಾಗ ಮಾತ್ರ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಶಾಕ್ ತೆರೆದುಕೊಳ್ಳುವಾಗಿನ ತಡೆ ಮುಚ್ಚಿಕೊಳ್ಳುವಾಗಿನದಕ್ಕಿಂತ ಹೆಚ್ಚಿರಬೇಕು. ಅತಿಯಾದರೆ ಮಾತ್ರ ತೊಂದರೆ: ಸಾಲು ಸಾಲು ಉಬ್ಬುಗಳ ಮಣ್ಣುರಸ್ತೆಯಲ್ಲಿ ಗಾಲಿ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದು, ವಾಹನ ಹೆಜ್ಜೆ ಹೆಜ್ಜೆಗೂ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪ್ ಮೇಲೆಯೇ ಓಡುತ್ತದೆ. ಶಾಕ್ ಮುಚ್ಚಿದಾಗಿನ ಉದ್ದ ಬಂಪ್ ಸ್ಟಾಪ್ ಪೂರ್ತಿ ಒತ್ತಿದಾಗಿನ ಅಳತೆಗಿಂತ ಕಡಿಮೆಯಿರಬೇಕು. ಇಲ್ಲದಿದ್ದರೆ ಇಡೀ ಹೊಡೆತವನ್ನು ಶಾಕ್ ತಿನ್ನುತ್ತದೆ. ಉದ್ದದ ಶಾಕ್ ಹಾಕಿದ ಕಡೆ ಬಂಪ್ ಸ್ಟಾಪನ್ನೂ ಕೆಳಗಿಳಿಸಬೇಕಾಗುವುದು ಇದಕ್ಕೇ.

ಹಂತ 6: ಎತ್ತರ ಕೆಡಿಸಿದ್ದನ್ನು ಸರಿಪಡಿಸಿ

ವಾಹನ ಮೇಲೇರಿದಾಗ ಮುಂದಿನ ಆಕ್ಸಲ್ ತನ್ನ ತೋಳುಗಳ ಜೊತೆ ತಿರುಗುತ್ತದೆ. ತೋಳಿನ ಉದ್ದ 700 ಮಿಲಿಮೀಟರ್ ಇದ್ದರೆ 40 ಮಿಲಿಮೀಟರ್ ಎತ್ತರಕ್ಕೆ ಸುಮಾರು 3.3 ಡಿಗ್ರಿ. ಅಷ್ಟೇ ಕ್ಯಾಸ್ಟರ್ ಕೋನ (ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ನಷ್ಟ. ಸ್ಟೀರಿಂಗ್ ತಾನಾಗಿ ನೇರವಾಗುವುದು ಈ ಕೋನದಿಂದಲೇ. ತೂತು ನಡುವಿನಿಂದ ಪಕ್ಕಕ್ಕೆ ಸರಿದ ಬುಷ್‌ಗಳನ್ನೋ (ತೋಳಿನ ಬೋಲ್ಟ್ ಸುತ್ತ ಕೂರುವ ರಬ್ಬರ್ ಬಳೆ), ತೋಳಿನ ಬುಡವನ್ನು ಕೆಳಗಿಳಿಸುವ ಬ್ರಾಕೆಟ್‌ಗಳನ್ನೋ ಹಾಕಿ ಇದನ್ನು ಮರಳಿ ಪಡೆಯಬೇಕು. ಇವಿಲ್ಲದ ಕಿಟ್ ಎಷ್ಟೇ ಅಗ್ಗವಾದರೂ ಬೇಡ.

ಪ್ಯಾನಾರ್ಡ್ ರಾಡ್ ಇನ್ನೊಂದು. 850 ಮಿಲಿಮೀಟರಿನ ರಾಡ್‌ನ ಎರಡು ತುದಿಗಳ ಎತ್ತರದಲ್ಲಿ ಮೊದಲೇ 100 ಮಿಲಿಮೀಟರ್ ವ್ಯತ್ಯಾಸವಿದ್ದರೆ, 40 ಎತ್ತರಿಸಿದಾಗ ಆಕ್ಸಲ್ ಐದಾರು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಲ್ಲ ರಾಡ್ ಹಾಕಿ ನಡುವಿಗೆ ತನ್ನಿ. ಮುಂದಿನ ಆಕ್ಸಲ್‌ನಲ್ಲಿ ಸ್ಟೀರಿಂಗ್‌ನ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ತಿರುವನ್ನು ಗಾಲಿಗೆ ಒಯ್ಯುವ ದಂಡ) ಮತ್ತು ಪ್ಯಾನಾರ್ಡ್ ರಾಡ್ ಒಂದಕ್ಕೊಂದು ಸಮಾನಾಂತರವಾಗಿ ಉಳಿಯಬೇಕು. ಒಂದನ್ನು ಮಾತ್ರ ಇಳಿಸಿದರೆ ಪ್ರತಿ ಉಬ್ಬಿಗೂ ಸ್ಟೀರಿಂಗ್ ತಾನಾಗಿ ತಿರುಗುತ್ತದೆ. ಬ್ರೇಕ್ ಹೋಸ್ ಉದ್ದವನ್ನು ಎರಡನೇ ಹಂತದ ಟಿಪ್ಪಣಿ ನೋಡಿ ಸರಿಪಡಿಸಿ, ಹೆಡ್‌ಲೈಟ್ ಕೋನವನ್ನೂ ಹೊಂದಿಸಿ.

ಒಂದನ್ನು ಮಾತ್ರ ಯಾವ ಬಿಡಿಭಾಗವೂ ಸರಿಪಡಿಸದು. ಗುರುತ್ವ ಕೇಂದ್ರ 700ರಿಂದ 740 ಮಿಲಿಮೀಟರಿಗೆ ಏರಿತು ಎಂದುಕೊಂಡರೆ, ಪಕ್ಕಕ್ಕೆ ಉರುಳದೆ ನಿಲ್ಲುವ ಸಾಮರ್ಥ್ಯ ಶೇ 5ರಷ್ಟು ಕುಗ್ಗುತ್ತದೆ. ಘಾಟಿಯ ತಿರುವಿನಲ್ಲಿ ಚಾಲಕನೇ ಇದನ್ನು ನೆನಪಿಡಬೇಕು.

ಕಾನೂನು ಏನು ಹೇಳುತ್ತದೆ?

ಕೆಲಸ ಶುರು ಮಾಡುವ ಮೊದಲೇ ತಿಳಿದಿರಬೇಕಾದ ಸಂಗತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಸೇರಿತು. ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ ಈ ವಾಹನ ತೋಟದ ಬೇಲಿಯೊಳಗೆ, ಖಾಸಗಿ ಜಮೀನಿನಲ್ಲಿ ಮಾತ್ರ ಓಡಬೇಕು.

ಹಂತ 7: ಜೋಡಿಸಿ, ಮತ್ತೆ ಅಳೆಯಿರಿ

ತೋಳುಗಳ ಬೋಲ್ಟ್‌ಗಳನ್ನು ವಾಹನ ಜಾಕ್ ಮೇಲಿರುವಾಗ ಪೂರ್ತಿ ಬಿಗಿಯಬೇಡಿ. ರಬ್ಬರ್ ಬುಷ್ ಆಗ ಯಾವ ಕೋನದಲ್ಲಿದೆಯೋ ಅದೇ ಕೋನದಲ್ಲಿ ಸೆರೆಯಾಗುತ್ತದೆ. ಕೆಳಗಿಳಿಸಿದ ಕೂಡಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಗಾಲಿ ನೆಲ ಮುಟ್ಟಿ, ವಾಹನ ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆ, ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚು ಬಲಕ್ಕೆ) ಬಿಗಿಯಿರಿ. ನಂತರ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಅಂಕಿಯನ್ನು ಮುದ್ರಿಸಿಯೇ ಕೊಡಲು ಹೇಳಿ.

ಮೊದಲ ಓಡಾಟ ಖಾಲಿ ಮೈದಾನದಲ್ಲಿರಲಿ. ನಿಧಾನದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ, ಎರಡೂ ಬದಿಗೆ ತಿರುಗಿಸಿ, ಸ್ಟೀರಿಂಗ್ ಬಿಟ್ಟಾಗ ನೇರವಾಗುತ್ತದೆಯೇ ನೋಡಿ. ಆಮೇಲೆ ಒಂದು ಗಾಲಿಯನ್ನು ದಿಬ್ಬದ ಮೇಲೆ ಹತ್ತಿಸಿ, ಒಬ್ಬರು ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ಎಲ್ಲಿ ಏನು ಉಜ್ಜುತ್ತಿದೆ ಎಂದು ಪರೀಕ್ಷಿಸಲಿ. 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಮತ್ತೊಮ್ಮೆ ಟಾರ್ಕ್ ಕೊಡಿ. 1,000 ಕಿಲೋಮೀಟರ್ ಆದಾಗ, ಅದೇ ಸಮತಟ್ಟು ನೆಲದಲ್ಲಿ, ಅಷ್ಟೇ ಇಂಧನ ತುಂಬಿಸಿ, ಪ್ರತಿ ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಮೊದಲ ದಿನದ ಅಂಕಿಯ ಪಕ್ಕದಲ್ಲಿ ಬರೆಯಿರಿ. ನಾಲ್ಕೂ ಮೂಲೆ ಸಮನಾಗಿ ಕೆಲವೇ ಮಿಲಿಮೀಟರ್ ಇಳಿದಿದ್ದರೆ ಸ್ಪ್ರಿಂಗ್ ಚೆನ್ನಾಗಿದೆ. ಒಂದೇ ಮೂಲೆ ಹೆಚ್ಚು ಇಳಿದಿದ್ದರೆ ಆ ಸ್ಪ್ರಿಂಗ್ ಬಿಚ್ಚಿ ಮಾಡಿದವರಿಗೆ ಹಿಂದಿರುಗಿಸಿ. ಜೊತೆಗೆ ನಿಮ್ಮ ಅಳತೆಯ ಹಾಳೆಯನ್ನೂ ಕೊಡಿ.